ಹೊಳೆಯ ಆಚೆ ದಡ, ಈಚೆ ದಡ

ರಾಣೆಬೆನ್ನೂರು ತಾಲ್ಲೂಕಿಗೂ ಹರಿಹರ ತಾಲ್ಲೂಕಿಗೂ ನಡುವೆ ತುಂಗಭದ್ರೆ ಹರಿಯುತ್ತಾಳೆ. ಎರಡು ದಡಗಳ ನೆಲವೂ ನುಡಿಯೂ ಹೆಚ್ಚುಕಡಮೆ ಒಂದೇ. ಆ ದಡದ ಹೆಣ್ಣು ಈ ದಡದ ಮನೆಗೆ ಸೊಸೆಯಾಗಿ ಬರುವುದೂ ಉಂಟು. ಆದರೆ ೨೦೧೦ರಿಂದ ಸುಮಾರು ಎರಡು ವರ್ಷಗಳ ಕಾಲ, ಎದೆನೋವೆಂದು ಕುಸಿದ ಬಡವನೊಬ್ಬನಿಗೆ ದೊಡ್ಡ ಆಸ್ಪತ್ರೆಯ ಬಾಗಿಲು ತೆರೆಯುವುದೋ ಇಲ್ಲವೋ ಎಂಬುದು ಅವನ ಮನೆ ಯಾವ ದಡದಲ್ಲಿದೆ ಎಂಬುದನ್ನು ಅವಲಂಬಿಸಿತ್ತು!

ಇದಕ್ಕೆ ಕಾರಣ ವಿಧಿಯಲ್ಲ, ಸರಕಾರದ ಒಂದು ಆಜ್ಞೆ. ೨೦೧೦ರಲ್ಲಿ ಕರ್ನಾಟಕ ಸರಕಾರ ‘ವಾಜಪೇಯಿ ಆರೋಗ್ಯಶ್ರೀ’ ಯೋಜನೆಯನ್ನು ಮೊದಲು ಗುಲ್ಬರ್ಗಾ ವಿಭಾಗದಲ್ಲಿ, ಅನಂತರ ಬೆಳಗಾವಿ ವಿಭಾಗದಲ್ಲಿ ಜಾರಿಗೆ ತಂದಿತು. ದಕ್ಷಿಣದ ಜಿಲ್ಲೆಗಳು ೨೦೧೨ರವರೆಗೆ ಕಾಯಬೇಕಾಯಿತು. ಉತ್ತರಕ್ಕೆ ಮೊದಲ ಮಣೆ ದೊರೆತದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ೨೦೦೨ರಲ್ಲಿ ವರದಿ ಒಪ್ಪಿಸಿದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ ಅತ್ಯಂತ ಹಿಂದುಳಿದವೆಂದು ಹೆಸರಿಸಿದ ೩೯ ತಾಲ್ಲೂಕುಗಳಲ್ಲಿ ೨೬ ಉತ್ತರ ಕರ್ನಾಟಕದವೇ ಆಗಿದ್ದವು.

ಯೋಜನೆಯ ಕ್ರಮ ಸರಳವಾಗಿತ್ತು. ಬಡತನದ ರೇಖೆಗಿಂತ ಕೆಳಗಿನ ಕುಟುಂಬದ ಪಡಿತರ ಚೀಟಿಯೇ ಅದಕ್ಕೆ ರಹದಾರಿ. ಕಂತು ಕಟ್ಟಬೇಕಿಲ್ಲ, ಹೆಸರು ನೋಂದಾಯಿಸಬೇಕಿಲ್ಲ. ಹೃದ್ರೋಗ, ಅರ್ಬುದ, ಮೂತ್ರಪಿಂಡದ ವ್ಯಾಧಿ, ಸುಟ್ಟಗಾಯ ಮುಂತಾದ ಭಾರಿ ಖರ್ಚಿನ ಚಿಕಿತ್ಸೆಗೆ ಕುಟುಂಬವೊಂದಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿಯವರೆಗೆ ನೆರವು. ತೀರ ಅಗತ್ಯವಿದ್ದರೆ ಮೇಲೆ ಇನ್ನೂ ಐವತ್ತು ಸಾವಿರ. ಹಣ ರೋಗಿಯ ಕೈಗೆ ಬರುತ್ತಿರಲಿಲ್ಲ. ಮೊದಲೇ ಗೊತ್ತುಮಾಡಿದ ದರದಂತೆ ಆಸ್ಪತ್ರೆಗೇ ಸಲ್ಲುತ್ತಿತ್ತು. ಆದರೆ ನೆರವುಂಟೆಂದು ಹಳ್ಳಿಗನಿಗೆ ತಿಳಿಯುವುದಾದರೂ ಹೇಗೆ? ಅವನ ಹೃದಯದ ಕವಾಟ ಕೆಟ್ಟಿದೆಯೆಂದು ಕಂಡುಹಿಡಿಯುವವರಾರು? ಇದಕ್ಕಾಗಿ ಆಸ್ಪತ್ರೆಗಳ ವೈದ್ಯರೇ ಗ್ರಾಮಾಂತರಕ್ಕೆ ಬಂದು ಶಿಬಿರ ಹೂಡಿ ರೋಗಿಗಳನ್ನು ಪರೀಕ್ಷಿಸುವ ಏರ್ಪಾಡಾಯಿತು. ಆಸ್ಪತ್ರೆಯ ಹೊಸ್ತಿಲಲ್ಲಿ ದಿಕ್ಕುಗಾಣದೆ ನಿಂತವರಿಗೆ ದಾರಿ ತೋರಲು ‘ಆರೋಗ್ಯಮಿತ್ರ’ರೆಂಬವರನ್ನು ನೇಮಿಸಿದರು. ಯೋಜನೆಯ ಜೀವಾಳ ಇದ್ದದ್ದು ಹಣದಲ್ಲಿ ಎಷ್ಟೋ, ಈ ಏರ್ಪಾಡುಗಳಲ್ಲಿಯೂ ಅಷ್ಟೇ ಎನ್ನಬೇಕು.

ಸರಕಾರ ಎಳೆದ ಗೆರೆ ಸಂಶೋಧಕರಿಗೆ ಒಂದು ಅಪೂರ್ವ ಅವಕಾಶವಾಯಿತು. ನೀರಜ್ ಸೂದ್ ಮತ್ತು ಅವರ ಸಂಗಡಿಗರು ಗೆರೆಯ ಆಚೆಗಿನ ೩೦೦ ಹಳ್ಳಿಗಳನ್ನೂ ಈಚೆಗಿನ ೨೭೨ ಹಳ್ಳಿಗಳನ್ನೂ ಆರಿಸಿಕೊಂಡು, ಅರುವತ್ತು ಸಾವಿರದಷ್ಟು ಮನೆಗಳ ಮಾಹಿತಿ ಕಲೆಹಾಕಿದರು. ೨೦೧೪ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಅವರ ಲೇಖನ ಅಚ್ಚಾಯಿತು. ಯೋಜನೆಗೆ ಒಳಪಟ್ಟ ರೋಗಗಳಿಂದ ಬಡ ಕುಟುಂಬಗಳಲ್ಲಿ ಸಂಭವಿಸಿದ ಸಾವಿನ ಪ್ರಮಾಣ ಗೆರೆಯ ಈಚೆ ಶೇಕಡಾ ೦.೯೦, ಯೋಜನೆಯಿದ್ದ ಕಡೆ ಶೇಕಡಾ ೦.೩೨. ಅನುಕೂಲಸ್ಥರ ಮನೆಗಳಲ್ಲಾದರೋ ಇಂತಹ ಅಂತರ ಕಂಡುಬರಲಿಲ್ಲ. ಅವರಿಗೆ ಯೋಜನೆಯೂ ಇರಲಿಲ್ಲ. ಎಂದಮೇಲೆ ಹಳ್ಳಿಯ ನೀರೋ ಗಾಳಿಯೋ ಇದಕ್ಕೆ ಕಾರಣವೆಂದು ಹೇಳುವುದು ಕಷ್ಟ.

ಅಂಕಿಗಳು ಒಣಗಿದ ಎಲೆಗಳಂತೆ ತೋರಬಹುದು. ಆದರೆ ಶೇಕಡಾ ಅರ್ಧಕ್ಕಿಂತ ಸ್ವಲ್ಪ ಮಿಗಿಲಾದ ಈ ವ್ಯತ್ಯಾಸದಲ್ಲಿ ಎಷ್ಟೋ ಮನೆಗಳ ಯಜಮಾನರೂ ತಾಯಂದಿರೂ ಅಡಗಿದ್ದಾರೆ. ಆಸ್ಪತ್ರೆಯ ಖರ್ಚಿಗೆಂದು ಎತ್ತು ಮಾರಿ, ಹೊಲ ಒತ್ತೆಯಿಟ್ಟು, ಕೊನೆಗೆ ರೋಗಿಯೂ ಉಳಿಯದೆ ಹೊಲವೂ ಉಳಿಯದ ಸಂಸಾರಗಳ ಕಥೆ ಯಾವ ಊರಿಗೆ ಹೊಸದು?

ಹಾಗೆಂದು ಎಲ್ಲವೂ ನೆಟ್ಟಗಾಯಿತೆಂದಲ್ಲ. ದೊಡ್ಡ ಶಸ್ತ್ರಚಿಕಿತ್ಸೆಗೆ ಕೈನೀಡಿದ ಯೋಜನೆ ಜ್ವರ, ಕೆಮ್ಮುಗಳತ್ತ ನೋಡಲಿಲ್ಲ. ಸಿಹಿಮೂತ್ರ ರೋಗದವನು ದಿನದಿನವೂ ನುಂಗುವ ಗುಳಿಗೆಯ ಬೆಲೆ ಅವನ ಮೇಲೆಯೇ ಉಳಿಯಿತು. ರಕ್ತದ ಒತ್ತಡವನ್ನು ಊರಿನಲ್ಲೇ ಹತೋಟಿಯಲ್ಲಿಡದೆ, ಎದೆ ಒಡೆದ ಮೇಲೆ ಲಕ್ಷ ಸುರಿಯುವುದು ಜಾಣತನವೇ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ದೊಡ್ಡ ಆಸ್ಪತ್ರೆಗಳು ಬಹುಮಟ್ಟಿಗೆ ದೂರದ ನಗರಗಳಲ್ಲಿದ್ದದ್ದು ಇನ್ನೊಂದು ತೊಡಕು. ಬೀದರಿನ ಕೂಲಿಯವನಿಗೆ ಬೆಂಗಳೂರು ಒಂದು ರಾತ್ರಿಯ ಪ್ರಯಾಣ. ಜೊತೆಗೆ ಬಂದವನ ಕೂಲಿಯೂ ಹೋದಂತೆಯೇ.

೨೦೧೮ರಲ್ಲಿ ಈ ಯೋಜನೆ ‘ಆರೋಗ್ಯ ಕರ್ನಾಟಕ’ದೊಳಗೆ ಸೇರಿತು. ಅದೇ ವರ್ಷ ಕೇಂದ್ರದ ‘ಆಯುಷ್ಮಾನ್ ಭಾರತ’ವೂ ಅದರೊಡನೆ ಕೂಡಿಕೊಂಡು, ಬಡ ಕುಟುಂಬದ ನೆರವಿನ ಮಿತಿ ವರ್ಷಕ್ಕೆ ಐದು ಲಕ್ಷಕ್ಕೇರಿತು. ರೋಗಿ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಚಿಕಿತ್ಸೆ ಇಲ್ಲದಿದ್ದರೆ ಅಲ್ಲಿಂದ ಚೀಟಿ ಪಡೆದು ಮುಂದಕ್ಕೆ ಹೋಗಬೇಕು ಎಂಬ ನಿಯಮವೂ ಬಂತು. ತುಂಗಭದ್ರೆಯ ಎರಡು ದಡಗಳಿಗೂ ನಿಯಮ ಈಗ ಒಂದೇ. ಆ ಚೀಟಿ ಬರೆಯುವ ವೈದ್ಯರು ತಾಲ್ಲೂಕು ಆಸ್ಪತ್ರೆಯ ಕುರ್ಚಿಯಲ್ಲಿ ಇದ್ದಾರೆಯೇ ಎಂಬುದನ್ನು ಮಾತ್ರ ರೋಗಿ ಅಲ್ಲಿಗೆ ಹೋಗಿಯೇ ನೋಡಬೇಕು.