ಟ್ರಾಕ್ಟರ್ ಆರ್‌ಸಿ ಅವಧಿ ಮುಗಿದಿದೆಯಾ? ಶೆಡ್‌ನಲ್ಲಿ ನಿಂತಿದ್ರೂ ತಿಂಗಳಿಗೆ 500 ರೂಪಾಯಿ ಏರುತ್ತೆ

ಅಪ್ಪ ಸಾಲ ಮಾಡಿ ತಂದ ಟ್ರಾಕ್ಟರ್ ಇನ್ನೂ ಗಟ್ಟಿಮುಟ್ಟಾಗಿದೆ. ಎಂಜಿನ್ ಆಯಿಲ್ ಯಾವಾಗ ಬದಲಾಯಿಸಿದ್ದು ಅಂತ ಕೇಳಿದ್ರೆ ಥಟ್ಟನೆ ಹೇಳ್ತೀರಿ. ಆರ್‌ಸಿ ಯಾವ ತಾರೀಖಿಗೆ ಮುಗಿಯುತ್ತೆ ಅಂತ ಕೇಳಿದ್ರೆ? ಹೆಚ್ಚಿನ ಮನೆಗಳಲ್ಲಿ ಟ್ರಂಕ್ ತೆಗೆದು ಹುಡುಕಬೇಕು. ಹುಡುಕಿ ನೋಡಿದಾಗ ಅವಧಿ ಮುಗಿದು ಎರಡು ವರ್ಷ ಆಗಿರುತ್ತೆ.

ಮೋಟಾರು ವಾಹನ ಕಾಯ್ದೆ ಪ್ರಕಾರ ಟ್ರಾಕ್ಟರ್, ಬೈಕ್, ಸ್ವಂತದ ಕಾರು ಇವುಗಳ ನೋಂದಣಿ 15 ವರ್ಷಕ್ಕೆ ಮಾತ್ರ. ಆಮೇಲೆ ನವೀಕರಣ ಮಾಡಿಸಿದರೆ ಒಂದು ಸಲಕ್ಕೆ 5 ವರ್ಷ ಸಿಗುತ್ತೆ. ಅಂದ್ರೆ 2009, 2010ರಲ್ಲಿ ಕೊಂಡ ಟ್ರಾಕ್ಟರ್‌ಗಳ ಅವಧಿ ಈಗಾಗಲೇ ಮುಗಿದಿದೆ. 2011ರ ಗಾಡಿ ಇದ್ದವರು ಇವತ್ತೇ ತಾರೀಖು ನೋಡ್ಕೊಳ್ಳಿ.

ಮೊದಲೆಲ್ಲ ತಡವಾದ್ರೆ ನೂರು ರೂಪಾಯಿ ಕಟ್ಟಿ ಬಂದ್ರೆ ಆಗ್ತಿತ್ತು. ಆ ಕಾಲ ಹೋಯ್ತು. 2022ರ ಏಪ್ರಿಲ್ 1ರಿಂದ ಕೇಂದ್ರದ ಹೊಸ ಶುಲ್ಕ ಜಾರಿಯಲ್ಲಿದೆ. ಬೈಕ್ ನವೀಕರಣಕ್ಕೆ 1000 ರೂ., ಲಘು ವಾಹನಕ್ಕೆ 5000 ರೂ. ಖಾಲಿ ತೂಕ 7500 ಕೆ.ಜಿ. ದಾಟದ ಟ್ರಾಕ್ಟರನ್ನು ಕಾಯ್ದೆ ಲಘು ವಾಹನದಲ್ಲೇ ಸೇರಿಸಿದೆ, ನಮ್ಮ ಹಳ್ಳಿಯ ಟ್ರಾಕ್ಟರ್‌ಗಳೆಲ್ಲ ಅದರೊಳಗೇ ಬರುತ್ತವೆ. ಗಾಡಿಗೆ 20 ವರ್ಷ ದಾಟಿದ್ರೆ 2025ರ ಆಗಸ್ಟ್‌ನಿಂದ ಈ ಶುಲ್ಕ ದುಪ್ಪಟ್ಟು: ಬೈಕ್‌ಗೆ 2000, ಲಘು ವಾಹನಕ್ಕೆ 10,000.

ಇದರ ಮೇಲೆ ತಡದ ಶುಲ್ಕ ಬೇರೆ. ಬೈಕ್‌ಗೆ ತಿಂಗಳಿಗೆ 300, ಉಳಿದ ಸ್ವಂತ ಬಳಕೆಯ ವಾಹನಕ್ಕೆ ತಿಂಗಳಿಗೆ 500. ತಿಂಗಳು ಪೂರ್ತಿ ಆಗಬೇಕಂತಿಲ್ಲ, ಒಂದು ದಿನ ದಾಟಿದರೂ ಒಂದು ತಿಂಗಳ ಲೆಕ್ಕ.

ಒಂದು ಲೆಕ್ಕ ಹಾಕೋಣ. ಆರ್‌ಸಿ 2024ರ ಜೂನ್ 11ಕ್ಕೆ ಮುಗಿದಿದೆ ಅಂದ್ಕೊಳ್ಳಿ. ಮುಂಗಾರು ಉಳುಮೆ, ಆಮೇಲೆ ಕಟಾವು, ಆಮೇಲೆ ಮನೇಲಿ ಮದುವೆ ಅಂತ ಮುಂದೂಡುತ್ತಾ ಬಂದು 2026ರ ಜನವರಿ 20ಕ್ಕೆ ಅರ್ಜಿ ಹಾಕಿದಿರಿ. ತಡ ಆಗಿದ್ದು 19 ತಿಂಗಳು ಮತ್ತು 9 ದಿನ, ಲೆಕ್ಕಕ್ಕೆ 20 ತಿಂಗಳು. ತಡದ ಶುಲ್ಕವೇ 10,000, ನವೀಕರಣದ್ದು 5000, ಒಟ್ಟು 15,000 ರೂಪಾಯಿ. ಹಿಂದಿನ ಎರಡು ಟೈರಿಗೆ ಇಟ್ಟಿದ್ದ ದುಡ್ಡು ಅಲ್ಲೇ ಕರಗಿತು.

"ನಮ್ಮದು ಹೊಲದಲ್ಲಷ್ಟೇ ಓಡೋದು, ನಮಗೇನು?" ಅನ್ನೋರಿದ್ದಾರೆ. ತಡದ ಶುಲ್ಕ ಗಾಡಿ ಓಡಿದ್ದಕ್ಕೆ ಹಾಕೋದಲ್ಲ, ಅರ್ಜಿ ತಡವಾಗಿದ್ದಕ್ಕೆ ಹಾಕೋದು. ಹಾಗೂ ಎಪಿಎಂಸಿಗೆ, ಕಬ್ಬಿನ ಕಾರ್ಖಾನೆಗೆ, ಕೊನೆಗೆ ಆಚೆ ಹೊಲಕ್ಕೆ ಹೋಗೋಕಾದರೂ ರಸ್ತೆ ದಾಟಲೇಬೇಕಲ್ಲ? ಅವಧಿ ಮುಗಿದ ಆರ್‌ಸಿ ಇಟ್ಕೊಂಡು ರಸ್ತೆಗಿಳಿದರೆ ನೋಂದಣಿ ಇಲ್ಲದ ಗಾಡಿ ಓಡಿಸಿದ ಕೇಸು ಬೀಳಬಹುದು. ಕಾಯ್ದೆಯ 192ನೇ ಸೆಕ್ಷನ್‌ನಲ್ಲಿ ಮೊದಲ ಸಲಕ್ಕೆ 5000 ರೂ.ವರೆಗೂ ದಂಡ ಇದೆ.

ನನ್ನ ಕೇಳಿದ್ರೆ ದಂಡ ಸಣ್ಣ ವಿಷಯ. ದೊಡ್ಡ ಹೊಡೆತ ಬೀಳೋದು ವಿಮೆಯಲ್ಲಿ. ತಾತ್ಕಾಲಿಕ ನೋಂದಣಿ ಮುಗಿದು ಕೆಲವೇ ದಿನಗಳಲ್ಲಿ ಕಳುವಾದ ಒಂದು ಬೊಲೆರೊ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ವಿಮೆ ಚಾಲ್ತಿಯಲ್ಲೇ ಇತ್ತು. ಆದರೂ ನೋಂದಣಿ ಇಲ್ಲದ ಗಾಡಿಗೆ ಕಂಪನಿ ದುಡ್ಡು ಕೊಡಬೇಕಿಲ್ಲ ಅಂತ 2021ರಲ್ಲಿ ತೀರ್ಪು ಬಂತು. 2014ರಲ್ಲಿ ಅಪಘಾತದ ಒಂದು ಪ್ರಕರಣದಲ್ಲೂ ಇದೇ ಮಾತು. ಎರಡೂ ತಾತ್ಕಾಲಿಕ ನೋಂದಣಿಯ ಕೇಸುಗಳು ನಿಜ, ಆದರೆ ಕ್ಲೇಮ್ ತಿರಸ್ಕರಿಸೋಕೆ ಕಾರಣ ಹುಡುಕೋ ಕಂಪನಿಗೆ ಅಷ್ಟು ಸಾಕು. ವರ್ಷವರ್ಷ ಪ್ರೀಮಿಯಂ ಕಟ್ಟಿಯೂ ಕೈ ಖಾಲಿ ಆದೀತು.

ತಾರೀಖು ನೋಡೋಕೆ ಎಲ್ಲೂ ಹೋಗಬೇಕಿಲ್ಲ. ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ನೋಂದಣಿ ಎಲ್ಲಿವರೆಗೆ ಅಂತ ತೋರಿಸುತ್ತೆ. ಆ್ಯಪನ್ನು ಪ್ಲೇ ಸ್ಟೋರ್‌ನಿಂದಲೇ ಇಳಿಸಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ "ನಿಮ್ಮ ಗಾಡಿ ಮೇಲೆ ಚಲನ್ ಇದೆ" ಅಂತ ಬರೋ ಎಪಿಕೆ ಫೈಲ್ ಮುಟ್ಟಲೇಬೇಡಿ. ಅದು ಬ್ಯಾಂಕ್ ಖಾತೆ ಖಾಲಿ ಮಾಡೋ ಕಳ್ಳರ ಕೆಲಸ.

ಅರ್ಜಿ ಫಾರ್ಮ್ 25. ಪರಿವಾಹನ್ ಪೋರ್ಟಲ್‌ನಲ್ಲಿ ಹಾಕಿ ಶುಲ್ಕ ಕಟ್ಟಬಹುದು, ಆದರೆ ಗಾಡಿ ಆರ್‌ಟಿಒ ಇನ್‌ಸ್ಪೆಕ್ಟರ್ ಕಣ್ಣಿಗೆ ಬೀಳಲೇಬೇಕು. ವಿಮೆ ಚಾಲ್ತಿಯಲ್ಲಿರಲಿ, ಹೊಗೆ ತಪಾಸಣೆ ಚೀಟಿ ಇರಲಿ. ಲೈಟು, ಇಂಡಿಕೇಟರ್, ಬ್ರೇಕ್ ಸರಿ ಮಾಡಿಸಿಕೊಂಡೇ ಹೋಗಿ. ಚಾಸಿ ನಂಬರ್ ಮೇಲೆ ಮಣ್ಣು, ಗ್ರೀಸ್ ಕೂತು ಓದೋಕೆ ಆಗದಿದ್ರೆ ಮನೇಲೇ ಡೀಸೆಲ್ ಹಾಕಿ ಉಜ್ಜಿ. ಅಲ್ಲಿ ಹೋಗಿ ಪರದಾಡೋದು ತಪ್ಪುತ್ತೆ.

ತುಂಬಾ ಜನ ಸಿಕ್ಕಿಹಾಕಿಕೊಳ್ಳೋದು ಇನ್ನೆರಡು ಕಡೆ. ಒಂದು, ಸಾಲ ತೀರಿ ಹತ್ತು ವರ್ಷ ಆದ್ರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇರೋದು. ಬ್ಯಾಂಕಿನಿಂದ ಎನ್‌ಒಸಿ ಮತ್ತು ಫಾರ್ಮ್ 35 ತಂದು ಅದನ್ನು ತೆಗೆಸಿ. ಇನ್ನೊಂದು, ಅಪ್ಪ ತೀರಿಕೊಂಡರೂ ಗಾಡಿ ಅವರ ಹೆಸರಲ್ಲೇ ಇರೋದು. ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರ್ಮ್ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕು. ಅಣ್ಣತಮ್ಮಂದಿರ ಮಧ್ಯೆ ಮಾತು ಸರಿ ಇರುವಾಗಲೇ ಸಹಿ ಹಾಕಿಸಿಕೊಂಡ್ರೆ ಒಳ್ಳೇದು.

ಗಾಡಿ ಪೂರ್ತಿ ಕೆಟ್ಟು ಇನ್ನು ಓಡೋದೇ ಇಲ್ಲ ಅನ್ನಿಸಿದ್ರೆ ನವೀಕರಣದ ಖರ್ಚೇ ಬೇಡ. ಆರ್‌ಟಿಒಗೆ ತಿಳಿಸಿ, ಆರ್‌ಸಿ ಒಪ್ಪಿಸಿ ನೋಂದಣಿ ರದ್ದು ಮಾಡಿಸಿ. ಗುಜರಿಗೆ ಹಾಕೋ ಮೊದಲೇ ಈ ಕೆಲಸ ಆಗಬೇಕು.

ಇನ್ನೂ ಅವಧಿ ಮುಗಿಯದವರಿಗೆ: ಮುಗಿಯೋ ತಾರೀಖಿಗೆ 60 ದಿನ ಇರುವಾಗಿನಿಂದ ಅರ್ಜಿ ಹಾಕಬಹುದು. ಜೂನ್‌ನಲ್ಲಿ ಮುಗಿಯೋದಾದ್ರೆ ಬಿತ್ತನೆ ಗಡಿಬಿಡಿಗೆ ಮುಂಚೆ, ಏಪ್ರಿಲ್ ಕೊನೆ ಅಥವಾ ಮೇ ತಿಂಗಳಲ್ಲೇ ಮುಗಿಸಿಬಿಡಿ. ಫೋನಿನಲ್ಲಿ ಈಗಲೇ ಒಂದು ರಿಮೈಂಡರ್ ಇಡಿ, ಬೈಕ್‌ದೂ ಸೇರಿಸಿ.