ಪರವೂರಿನ ನೆಲದ ಮೇಲೆ ರೋಬೋಟ್ ಓಡಿಸುವುದು

ಶಾಲೆಯಲ್ಲಿ ಚೆನ್ನಾಗಿ ಓಡಿದ ರೋಬೋಟ್ ಸ್ಪರ್ಧೆಯಲ್ಲಿ ಕೈಕೊಡುತ್ತದೆ. ಮೊದಲ ಸಲ ಹೋದ ತಂಡಗಳಲ್ಲಿ ಹೆಚ್ಚಿನವರ ಗತಿ ಇದೇ. ನಿಡಗುಂದಿಯ ಒಂದು ತರಗತಿ ಕೋಣೆಯಲ್ಲಿ ಬಿಳಿ ಹಾಳೆಯ ಮೇಲೆ ಕಪ್ಪು ಟೇಪು ಅಂಟಿಸಿ, ವಾರಗಟ್ಟಲೆ ಓಡಿಸಿ, ಕಣ್ಣು ಮುಚ್ಚಿದರೂ ಗುರಿ ಮುಟ್ಟುತ್ತದೆ ಎನ್ನುವಷ್ಟು ಪಳಗಿಸಿದ ಯಂತ್ರ ವಿಜಯಪುರದಲ್ಲೋ ಹುಬ್ಬಳ್ಳಿಯಲ್ಲೋ ಕಾಲೇಜಿನ ದೊಡ್ಡ ಹಾಲ್‌ನಲ್ಲಿ ಮೊದಲ ತಿರುವಿಗೇ ಗೆರೆ ಬಿಟ್ಟು ಹೊರಟುಬಿಡುತ್ತದೆ. "ನಿನ್ನೆ ಛಲೋ ಓಡಿತ್ತಲ್ರೀ ಸರ್, ಇವತ್ತ ಯಾಕ ಹಿಂಗ ಮಾಡಾಕತ್ತೈತಿ?" ಎಂದು ಹುಡುಗರು ಕೇಳಿದರೆ ಜೊತೆಗೆ ಬಂದ ಮಾಸ್ತರರ ಬಳಿ ಒಮ್ಮೊಮ್ಮೆ ಉತ್ತರ ಇರುವುದಿಲ್ಲ. ಉತ್ತರ ಬಹುಮಟ್ಟಿಗೆ ಇಷ್ಟೇ: ನಿನ್ನೆಯ ಬೆಳಕು, ನಿನ್ನೆಯ ಬ್ಯಾಟರಿ, ನಿನ್ನೆಯ ನೆಲ ಇವತ್ತು ಇಲ್ಲ. ರೋಬೋಟಿಕ್ಸ್ ಸ್ಪರ್ಧೆಯ ಕಷ್ಟವೆಲ್ಲ ಇರುವುದು ಇಲ್ಲೇ. ಯಂತ್ರವನ್ನು ಓಡಿಸುವುದು ಅರ್ಧ ಕೆಲಸ, ತನ್ನದಲ್ಲದ ನೆಲದಲ್ಲಿ ಓಡುವಂತೆ ಮಾಡುವುದು ಇನ್ನರ್ಧ.

ಮೊದಲು ಯಂತ್ರದ ಒಳಗನ್ನು ನೋಡೋಣ. ಹೈಸ್ಕೂಲ್ ಮಟ್ಟದಲ್ಲಿ ಎಲ್ಲರೂ ಮಾಡುವುದು ಗೆರೆ ಹಿಂಬಾಲಿಸುವ ರೋಬೋಟ್, ಹುಡುಗರ ಬಾಯಲ್ಲಿ 'ಲೈನ್ ಫಾಲೋವರ್'. ಹೊಟ್ಟೆಯ ಕೆಳಗೆ ಸಣ್ಣ ಸೆನ್ಸರ್‌ಗಳಿರುತ್ತವೆ. ಪ್ರತಿಯೊಂದರಲ್ಲೂ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡುವ ಒಂದು ಎಲ್‌ಇಡಿ, ನೆಲದಿಂದ ಮರಳಿ ಬಂದ ಬೆಳಕನ್ನು ಅಳೆಯುವ ಇನ್ನೊಂದು ಬಿಡಿಭಾಗ. ಬಿಳಿ ನೆಲ ಬೆಳಕನ್ನು ತಿರುಗಿಸಿ ಕಳಿಸುತ್ತದೆ, ಕಪ್ಪು ಗೆರೆ ನುಂಗಿಕೊಳ್ಳುತ್ತದೆ. ಈ ವ್ಯತ್ಯಾಸವನ್ನು ಆರ್ಡುಯಿನೋ ಬೋರ್ಡು 0ಯಿಂದ 1023ರವರೆಗಿನ ಒಂದು ಸಂಖ್ಯೆಯಾಗಿ ಓದುತ್ತದೆ. ಇಟಲಿಯ ಇವ್ರಿಯಾದ ಒಂದು ವಿನ್ಯಾಸ ಶಾಲೆಯಲ್ಲಿ, ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳಿಗೂ ಎಟುಕಲಿ ಎಂದು 2005ರಲ್ಲಿ ಹುಟ್ಟಿದ ಬೋರ್ಡು ಇದು. ಓದಿದ ಸಂಖ್ಯೆ ನೋಡಿ ಬೋರ್ಡು ತೀರ್ಮಾನ ಮಾಡುತ್ತದೆ, ಮೋಟಾರ್ ಡ್ರೈವರ್‌ಗೆ ಹೇಳುತ್ತದೆ, ಡ್ರೈವರ್ ಬ್ಯಾಟರಿಯಿಂದ ಕರೆಂಟು ಎಳೆದು ಎಡ ಬಲದ ಮೋಟಾರುಗಳಿಗೆ ಹಂಚುತ್ತದೆ. ನೋಡು, ತೀರ್ಮಾನಿಸು, ತಿರುಗು. ಇದು ಒಂದು ಸೆಕೆಂಡಿನಲ್ಲಿ ನೂರಾರು ಸಲ ನಡೆಯುತ್ತದೆ.

ಎಷ್ಟು ತಿರುಗಬೇಕು ಎಂಬಲ್ಲಿ ತಂಡ ತಂಡಕ್ಕೂ ವ್ಯತ್ಯಾಸ ಕಾಣುತ್ತದೆ. ಎರೆ ಹೊಲದಲ್ಲಿ ಕೂರಿಗೆ ಹೊಡೆಯುವುದನ್ನು ಕಂಡ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಸಬ ಎತ್ತು ಒಂಚೂರು ಸರಿದರೂ ಹಗ್ಗ ಜೋರಾಗಿ ಜಗ್ಗುತ್ತಾನೆ, ಎತ್ತು ಆ ಕಡೆ ಹೋಗುತ್ತದೆ, ಮತ್ತೆ ಈ ಕಡೆ ಜಗ್ಗುತ್ತಾನೆ, ಸಾಲು ಡೊಂಕಾಗುತ್ತದೆ. ಪಳಗಿದವನು ಎಷ್ಟು ಸರಿಯಿತೋ ಅಷ್ಟೇ ತಿದ್ದುತ್ತಾನೆ. ಎತ್ತು ತಾನಾಗಿಯೇ ಸಾಲಿಗೆ ಮರಳುತ್ತಿದ್ದರೆ ಹಗ್ಗ ಸಡಿಲ ಬಿಡುತ್ತಾನೆ. ರೋಬೋಟಿನ ಪ್ರೋಗ್ರಾಮಿನಲ್ಲಿ 'ಪಿಐಡಿ' ಎಂದು ಕರೆಯುವುದು ಇದನ್ನೇ. ಗೆರೆಯಿಂದ ಎಷ್ಟು ದೂರ ಸರಿದಿದೆ ಎಂಬುದು ಒಂದು ಲೆಕ್ಕ, ಆ ದೂರ ಎಷ್ಟು ಬೇಗ ಬದಲಾಗುತ್ತಿದೆ ಎಂಬುದು ಎರಡನೆಯದು, ಇದುವರೆಗೆ ಕೂಡಿಕೊಂಡು ಬಂದ ತಪ್ಪು ಮೂರನೆಯದು. 1922ರಲ್ಲಿ ನಿಕೊಲಸ್ ಮಿನೋರ್‌ಸ್ಕಿ ಎಂಬಾತ ಅಮೆರಿಕದ ನೌಕಾಪಡೆಯ ಹಡಗುಗಳಿಗಾಗಿ ಇದನ್ನು ಗಣಿತದಲ್ಲಿ ಬರೆದಿಟ್ಟ. ಅದಕ್ಕೆ ಮೊದಲು ಅವನು ಗಮನಿಸಿದ್ದು ಚುಕ್ಕಾಣಿ ಹಿಡಿದ ನಾವಿಕರ ಕೈಯನ್ನು. ಶಾಲೆಯ ಪುಟ್ಟ ರೋಬೋಟಿಗೆ ಮೊದಲೆರಡು ಲೆಕ್ಕಗಳೇ ಸಾಕು. ಮೊದಲನೆಯದನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗಿ. ರೋಬೋಟ್ ಅಲ್ಲಾಡತೊಡಗಿದಾಗ ನಿಲ್ಲಿಸಿ. ಆಮೇಲೆ ಎರಡನೆಯದನ್ನು ಸೇರಿಸಿ ಆ ಅಲ್ಲಾಟವನ್ನು ತಗ್ಗಿಸಿ. ಇದಕ್ಕೆ ಅಡ್ಡದಾರಿ ಇಲ್ಲ, ಕೂತು ಓಡಿಸಿ ನೋಡಬೇಕು.

ಈಗ ಪರವೂರಿನ ಹಾಲ್‌ಗೆ ಬರೋಣ. ಮೊದಲ ಶತ್ರು ಬೆಳಕು. ಶಾಲೆಯ ಕೋಣೆಯಲ್ಲಿ ಬಿಳಿಗೆ 100, ಕಪ್ಪಿಗೆ 800 ಬರುತ್ತಿತ್ತು ಎಂದುಕೊಳ್ಳಿ. ನಡುವಿನ 450ನ್ನು ಗಡಿ ಎಂದು ಪ್ರೋಗ್ರಾಮಿನಲ್ಲಿ ಬರೆದಿರುತ್ತಾರೆ: ಅದಕ್ಕಿಂತ ಹೆಚ್ಚು ಬಂದರೆ ಗೆರೆ. ಬಿಸಿಲಿನಲ್ಲಿ ಇನ್‌ಫ್ರಾರೆಡ್ ಧಾರಾಳವಾಗಿರುತ್ತದೆ. ಹಾಲ್‌ನ ದೊಡ್ಡ ಕಿಟಕಿಯಿಂದ ಅದು ಟ್ರ್ಯಾಕಿನ ಮೇಲೆ ಬಿದ್ದರೆ, ಬೆಳಕು ನೆಲದಿಂದ ಮರಳಿ ಬಂದದ್ದೋ ಸೂರ್ಯನದ್ದೋ ಎಂಬುದು ಸೆನ್ಸರಿಗೆ ತಿಳಿಯುವುದಿಲ್ಲ. ಕಪ್ಪು ಗೆರೆಗೂ 400 ಎಂದು ಓದುತ್ತದೆ. ಗಡಿ 450 ಇದ್ದ ಕಡೆ ಗೆರೆಯೇ ಮಾಯ. ಫ್ಲೆಕ್ಸ್ ಮೇಲೆ ಮುದ್ರಿಸಿದ ಟ್ರ್ಯಾಕಾದರೆ ಅದರ ಹೊಳಪಿನದು ಇನ್ನೊಂದು ಕಾಟ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಗಡಿಯ ಸಂಖ್ಯೆಯನ್ನು ಪ್ರೋಗ್ರಾಮಿನಲ್ಲಿ ಕಲ್ಲಿನಲ್ಲಿ ಕೊರೆದಂತೆ ಬರೆಯಬಾರದು. ಸ್ವಿಚ್ ಹಾಕಿದೊಡನೆ ರೋಬೋಟ್ ನಿಂತಲ್ಲೇ ಎರಡು ಮೂರು ಸೆಕೆಂಡು ಎಡಕ್ಕೆ ಬಲಕ್ಕೆ ತಿರುಗಿ, ಗೆರೆಯ ಮೇಲೂ ಹೊರಗೂ ಸೆನ್ಸರ್ ಆಡಿಸಿ, ಪ್ರತಿ ಸೆನ್ಸರಿಗೂ ಅಲ್ಲಿ ಬಂದ ಕನಿಷ್ಠ ಗರಿಷ್ಠ ಬರೆದುಕೊಂಡು, ನಡುವಿನ ಸಂಖ್ಯೆಯನ್ನು ತಾನೇ ಗಡಿ ಮಾಡಿಕೊಳ್ಳಬೇಕು. ಇದಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ. ಓಟದ ಮೊದಲು ಅದಕ್ಕೆ ಸಮಯ ಕೊಡುತ್ತಾರೆಯೇ ಎಂದು ನೋಂದಣಿ ಮಾಡುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು. ಸೆನ್ಸರ್ ಸುತ್ತ ಕಪ್ಪು ಕಾಗದದ ಒಂದು ಪುಟ್ಟ ಮರೆ ಕಟ್ಟಿ, ಅದನ್ನು ನೆಲದಿಂದ ಕೆಲವೇ ಮಿಲಿಮೀಟರು ಎತ್ತರದಲ್ಲಿ ಇಟ್ಟರೆ ಅರ್ಧ ತೊಂದರೆ ಅಲ್ಲಿಗೇ ನಿಲ್ಲುತ್ತದೆ. ಶಾಲೆಯಲ್ಲಿ ಅಭ್ಯಾಸ ಮಾಡುವಾಗ ಬೇಕೆಂದೇ ಕಿಟಕಿ ತೆರೆದು, ಮುಚ್ಚಿ, ಟ್ಯೂಬ್‌ಲೈಟ್ ಹಾಕಿ, ಆರಿಸಿ ಓಡಿಸಿ ನೋಡಿ. ಒಂದೇ ಬೆಳಕಿನಲ್ಲಿ ನೂರು ಸಲ ಓಡಿಸುವುದಕ್ಕಿಂತ ಅದು ಹೆಚ್ಚು ಕಲಿಸುತ್ತದೆ.

ಎರಡನೆಯದು ಬ್ಯಾಟರಿ, ನನ್ನ ಲೆಕ್ಕದಲ್ಲಿ ಬೆಳಕಿಗಿಂತ ದೊಡ್ಡ ವೈರಿ. ಚಿಕ್ಕ ಡಬ್ಬಿಯಾಕಾರದ 9 ವೋಲ್ಟ್ ಬ್ಯಾಟರಿ ಮೋಟಾರಿಗೆ ಬೇಕಾದಷ್ಟು ಕರೆಂಟು ಕೊಡಲಾರದು, ಅದನ್ನು ಮರೆತುಬಿಡಿ. ಹೆಚ್ಚಿನವರು ಬಳಸುವುದು 18650 ಎಂಬ ಲಿಥಿಯಂ ಸೆಲ್ಲುಗಳನ್ನು. ಪೂರ್ತಿ ಚಾರ್ಜ್ ಆದ ಎರಡು ಸೆಲ್ಲು ಸರಣಿಯಲ್ಲಿ 8.4 ವೋಲ್ಟ್ ಕೊಡುತ್ತವೆ. ಬಳಸುತ್ತಾ ಹೋದಂತೆ 7ಕ್ಕೆ ಇಳಿಯುತ್ತದೆ. ಎಲ್298ಎನ್ ಎಂಬ ಅಗ್ಗದ ಮೋಟಾರ್ ಡ್ರೈವರ್ ತಾನೇ ಸುಮಾರು 2 ವೋಲ್ಟ್ ತಿಂದುಹಾಕುತ್ತದೆ. ಹಾಗಾಗಿ ಮೋಟಾರಿಗೆ ಒಮ್ಮೆ 6.4 ಸಿಕ್ಕರೆ ಇನ್ನೊಮ್ಮೆ 5 ಸಿಗುತ್ತದೆ. ಹಿಂದಿನ ರಾತ್ರಿ, ದಿನವಿಡೀ ಓಡಿ ಸುಸ್ತಾದ ಬ್ಯಾಟರಿಯಲ್ಲಿ ತಿರುವುಗಳನ್ನು ಹದ ಮಾಡುತ್ತಾರೆ. ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿಕೊಂಡು ಹೋಗುತ್ತಾರೆ. ರೋಬೋಟ್ ವೇಗವಾಗಿ ಓಡಿ ತಿರುವು ದಾಟಿ ಹೋಗುತ್ತದೆ. ಪ್ರೋಗ್ರಾಮಿನದು ಎಳ್ಳಷ್ಟೂ ತಪ್ಪಿಲ್ಲ! ಹದ ಮಾಡುವಾಗಲೂ ಪೂರ್ತಿ ಚಾರ್ಜ್ ಇರಬೇಕು, ಎರಡು ಜೊತೆ ಬ್ಯಾಟರಿ ಇರಬೇಕು, ಪ್ರತಿ ಸುತ್ತಿಗೆ ಮುನ್ನ ಮಲ್ಟಿಮೀಟರಿನಲ್ಲಿ ಅಳೆದು ಬರೆದಿಡಬೇಕು. ಈ ಸೆಲ್ಲುಗಳನ್ನು ಶಾರ್ಟ್ ಮಾಡಿದರೆ ಬೆಂಕಿ ಹತ್ತುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ಚಾರ್ಜ್‌ಗೆ ಹಾಕಿ ಹೋಗಬಾರದು.

'ಎರಡು ಸೆಕೆಂಡು ಮುಂದೆ ಹೋಗು' ಎಂದು ಬರೆದ ಪ್ರೋಗ್ರಾಮಿಗೂ ಇದೇ ಗತಿ, ಏಕೆಂದರೆ ಎರಡು ಸೆಕೆಂಡಿನಲ್ಲಿ ಸಾಗುವ ದೂರ ಬ್ಯಾಟರಿಯ ಮೇಲೆ ನಿಂತಿದೆ. ಚಕ್ರ ಎಷ್ಟು ಸುತ್ತು ತಿರುಗಿತು ಎಂದು ಎಣಿಸುವ ಎನ್‌ಕೋಡರ್ ಇದ್ದರೆ ಆ ಚಿಂತೆ ಇಲ್ಲ. ಲೆಗೋ ಕಿಟ್‌ಗಳ ಮೋಟಾರಿನೊಳಗೇ ಅದು ಇರುತ್ತದೆ. ಹಳದಿ ಬಣ್ಣದ ಅಗ್ಗದ ಬಿಒ ಮೋಟಾರಿನಲ್ಲಿ ಇರುವುದಿಲ್ಲ, ಅಲ್ಲದೆ ಒಂದೇ ಪ್ಯಾಕೆಟ್ಟಿನ ಎರಡು ಮೋಟಾರುಗಳೂ ಒಂದೇ ವೇಗದಲ್ಲಿ ತಿರುಗುವುದಿಲ್ಲ.

ಉಳಿದವು ಚಿಕ್ಕಪುಟ್ಟವು. ಧೂಳು ಹಿಡಿದ ಚಕ್ರ ಜಾರುತ್ತದೆ, ಒದ್ದೆ ಬಟ್ಟೆಯಿಂದ ಒರೆಸಬೇಕು. ಬಸ್ಸಿನ ಕುಲುಕಾಟಕ್ಕೆ ಜಂಪರ್ ವೈರು ಕಳಚಿಕೊಳ್ಳುತ್ತದೆ, ಹೊರಡುವ ಮೊದಲೇ ಬೆಸುಗೆ ಹಾಕಬೇಕು, ಇಲ್ಲವೇ ಗ್ಲೂ ಗನ್ನಿನಿಂದ ಅಂಟಿಸಬೇಕು. ಅಡೆತಡೆ ಗುರುತಿಸಲು ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿದ್ದರೆ ಇನ್ನೊಂದು ಸ್ವಾರಸ್ಯವಿದೆ. ಅದು ಶಬ್ದ ಹೋಗಿ ಬರುವ ಸಮಯದಿಂದ ದೂರ ಲೆಕ್ಕ ಹಾಕುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ನಮ್ಮ ಕಡೆಯ 40 ಡಿಗ್ರಿ ಬೇಸಿಗೆಯಲ್ಲಿ ಹತ್ತಿರ ಹತ್ತಿರ 355. ಪುಸ್ತಕದ 343ನ್ನೇ ಹಾಕಿದರೆ ಒಂದು ಮೀಟರ್ ದೂರದ ಗೋಡೆ ಮೂರು ಸೆಂಟಿಮೀಟರಿಗಿಂತ ಹೆಚ್ಚು ಹತ್ತಿರ ಇದ್ದಂತೆ ಕಾಣುತ್ತದೆ. ತಿಳಿದು ಹೋದರೆ ತೀರ್ಪುಗಾರರ ಎದುರು ಹೇಳಲು ಒಂದು ಒಳ್ಳೆಯ ಮಾತು ಸಿಕ್ಕಂತಾಯಿತು.

ಸ್ಪರ್ಧೆಗಳೂ ಒಂದೇ ಬಗೆಯವಲ್ಲ. ಇಂಜಿನಿಯರಿಂಗ್ ಕಾಲೇಜುಗಳ ಹಬ್ಬಗಳಲ್ಲಿ ಶಾಲಾ ಮಕ್ಕಳಿಗಾಗಿ ಇಡುವ ಲೈನ್ ಫಾಲೋವರ್ ಓಟ ಸರಳ: ಯಾರು ಬೇಗ ಮುಟ್ಟಿದರೋ ಅವರು ಗೆದ್ದರು. 2004ರಲ್ಲಿ ಸಿಂಗಪುರದಲ್ಲಿ ಶುರುವಾದ ವರ್ಲ್ಡ್ ರೋಬೋಟ್ ಒಲಿಂಪಿಯಾಡ್‌ನಲ್ಲಿ ಸ್ಪರ್ಧೆಯ ಬೆಳಿಗ್ಗೆ ಯಾರಿಗೂ ಗೊತ್ತಿಲ್ಲದ ಒಂದು ಹೊಸ ನಿಯಮವನ್ನು ಪ್ರಕಟಿಸುತ್ತಾರೆ. ಉರು ಹೊಡೆದು ಬಂದವರು ಅಲ್ಲಿ ಸಿಕ್ಕಿಬೀಳುತ್ತಾರೆ, ಮಾಸ್ತರರು ಹತ್ತಿರ ಸುಳಿಯುವಂತಿಲ್ಲ. ಫಸ್ಟ್ ಟೆಕ್ ಚಾಲೆಂಜ್‌ನಲ್ಲಿ 12 ಅಡಿ ಚೌಕದ ಅಂಗಳ, ಎರಡೆರಡು ತಂಡಗಳ ಜೋಡಿ. ಮೊದಲ 30 ಸೆಕೆಂಡು ರೋಬೋಟ್ ತಾನೇ ಓಡಬೇಕು, ಆಮೇಲೆ ಎರಡು ನಿಮಿಷ ಮಕ್ಕಳು ರಿಮೋಟಿನಿಂದ ಓಡಿಸಬಹುದು. ಈ ಆಟದಲ್ಲಿ ಜೊತೆಗಾರನಾದವನು ಮುಂದಿನ ಆಟದಲ್ಲಿ ಎದುರಾಳಿಯಾಗಿ ಬರಬಹುದು. ಹೀಗಾಗಿ ಪಕ್ಕದ ತಂಡದ ಕಳಚಿದ ಚಕ್ರಕ್ಕೆ ಸ್ಕ್ರೂ ಕೊಡುವುದು ಬರೀ ಸೌಜನ್ಯವಲ್ಲ, ಬುದ್ಧಿವಂತಿಕೆಯೂ ಹೌದು.

ಹೈಸ್ಕೂಲಿನವರೂ ಸೇರಬಹುದಾದ ಫಸ್ಟ್ ಲೆಗೋ ಲೀಗ್‌ನ ಚಾಲೆಂಜ್ ವಿಭಾಗವಂತೂ ರೋಬೋಟನ್ನೇ ಹಿಂದಕ್ಕೆ ಸರಿಸುತ್ತದೆ. ಎರಡೂವರೆ ನಿಮಿಷದ ಓಟ ಮೂರು ಸಲ, ಅದರಲ್ಲಿ ಅತಿ ಹೆಚ್ಚಿನ ಅಂಕ ಲೆಕ್ಕಕ್ಕೆ. ಆದರೆ ಓಟಕ್ಕೆ ಇರುವುದು ಒಟ್ಟು ತೂಕದ ಕಾಲು ಭಾಗ ಮಾತ್ರ. ಇನ್ನು ಮೂರು ಕಾಲು ಭಾಗಗಳು ರೋಬೋಟಿನ ವಿನ್ಯಾಸಕ್ಕೆ, ತಂಡದ ನಡವಳಿಕೆಗೆ ಮತ್ತು ಒಂದು ನಿಜವಾದ ಸಮಸ್ಯೆಗೆ ಮಕ್ಕಳು ಕಂಡುಕೊಂಡ ಪರಿಹಾರಕ್ಕೆ. ಪ್ರತಿ ವರ್ಷ ಒಂದು ವಿಷಯ ಕೊಡುತ್ತಾರೆ. 2017-18ರ ವಿಷಯ ನೀರು. ಅದೇ 2017ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಮೊದಲ ಫಸ್ಟ್ ಗ್ಲೋಬಲ್ ಸ್ಪರ್ಧೆಯದೂ ನೀರೇ: ನೀಲಿ ಚೆಂಡು ನೀರು, ಕಿತ್ತಳೆ ಚೆಂಡು ಕೊಳೆ, ರೋಬೋಟ್ ಅವನ್ನು ಬೇರ್ಪಡಿಸಬೇಕು.

ನೀರಿನ ವಿಷಯ ಬಂದರೆ ನಿಡಗುಂದಿಯ ಮಕ್ಕಳು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ. ಆಲಮಟ್ಟಿ ಪಕ್ಕದಲ್ಲೇ ಇದೆ: 26 ಗೇಟು, 519.60 ಮೀಟರ್ ಮಟ್ಟದವರೆಗೆ ನಿಲ್ಲುವ ನೀರು, 290 ಮೆಗಾವ್ಯಾಟ್ ವಿದ್ಯುತ್. ಒಳಹರಿವು ಅಳೆದು ಗೇಟು ಎಷ್ಟು ಎತ್ತಬೇಕೆಂದು ತೀರ್ಮಾನಿಸುವ ಕೆಲಸವೂ ಲೈನ್ ಫಾಲೋವರ್ ಮಾಡುವ ಅದೇ ನೋಡು, ತೀರ್ಮಾನಿಸು, ತಿರುಗು. ಮಟ್ಟವನ್ನು 524.256 ಮೀಟರಿಗೆ ಏರಿಸಿದರೆ ಮುಳುಗುವ ಊರುಗಳ ಮಾತು ಮನೆಮನೆಯಲ್ಲಿದೆ. ಕಾಲುವೆಯ ತುದಿಯ ಹೊಲದವರನ್ನು, ಕೃಷ್ಣಾ ಭಾಗ್ಯ ಜಲ ನಿಗಮದ ಇಂಜಿನಿಯರನ್ನು, ಪುನರ್ವಸತಿ ಕೇಂದ್ರದ ಅಜ್ಜಿಯನ್ನು ಮಾತಾಡಿಸಿ ಬರೆದುಕೊಂಡ ಒಂದು ನೋಟ್‌ಬುಕ್ ಇದ್ದರೆ, ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಚಂದದ ಪೋಸ್ಟರಿಗಿಂತ ಅದರ ತೂಕ ಹೆಚ್ಚು.

ತೀರ್ಪುಗಾರರ ಕೋಣೆಯಲ್ಲಿ ಕೇಳುವ ಪ್ರಶ್ನೆಗಳು ಬಹುಪಾಲು 'ಯಾಕೆ' ಎಂಬವು. ಮೂರು ಚಕ್ರ ಯಾಕೆ? ಸೆನ್ಸರ್ ಮುಂದೆ ಯಾಕೆ, ನಡುವೆ ಯಾಕಲ್ಲ? ಈ ಸಾಲು ಬರೆದವರು ಯಾರು? ದುಡ್ಡು ಕೊಟ್ಟು ಕೋಚಿಂಗ್ ಸಂಸ್ಥೆಯಿಂದ ಸಿದ್ಧ ರೋಬೋಟ್ ತಂದ ತಂಡ ಇಲ್ಲಿ ತಡವರಿಸುತ್ತದೆ. ಕನ್ನಡ ಮಾಧ್ಯಮದ ಮಕ್ಕಳು ಬೇರೆ ಕಾರಣಕ್ಕೆ ತಡವರಿಸುತ್ತಾರೆ. ಉತ್ತರ ಗೊತ್ತಿರುತ್ತದೆ, ಇಂಗ್ಲಿಷಿನಲ್ಲಿ ಬಾಯಿ ಏಳುವುದಿಲ್ಲ. ಅವರಿಗೆ ಇಂಗ್ಲಿಷ್ ಭಾಷಣ ಬಾಯಿಪಾಠ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಮೊದಲು ಮನೆಯವರ ಮುಂದೆ ಕನ್ನಡದಲ್ಲಿ ಬಿಡಿಸಿ ಹೇಳಿಸಬೇಕು. ಅವ್ವನಿಗೆ ತಿಳಿಯುವಂತೆ ಹೇಳಬಲ್ಲ ಹುಡುಗಿ ಸೆನ್ಸರ್, ಮೋಟಾರ್, ಬ್ಯಾಟರಿ ಎಂಬ ಹತ್ತು ಪದ ಹಿಡಿದುಕೊಂಡೇ ತೀರ್ಪುಗಾರರಿಗೂ ಹೇಳುತ್ತಾಳೆ.

ದುಡ್ಡಿನ ಮಾತು. ನೀತಿ ಆಯೋಗ 2016ರಲ್ಲಿ ಶುರು ಮಾಡಿದ ಅಟಲ್ ಇನ್ನೊವೇಷನ್ ಮಿಷನ್ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ಕೊಡುತ್ತದೆ, 6ರಿಂದ 12ನೇ ತರಗತಿಯ ಮಕ್ಕಳ ಟಿಂಕರಿಂಗ್ ಲ್ಯಾಬ್‌ಗಾಗಿ. ಸರ್ಕಾರಿ ಶಾಲೆಗಳಲ್ಲಿ ಐದು ವರ್ಷದಲ್ಲಿ ಇನ್ನೂ 50,000 ಲ್ಯಾಬ್ ಎಂದು 2025ರ ಬಜೆಟ್ ಹೇಳಿದೆ. ಅದು ಬರುವವರೆಗೆ ಕಾಯಬೇಕಿಲ್ಲ. ಆರ್ಡುಯಿನೋ ಮಾದರಿಯ ಬೋರ್ಡು, ಡ್ರೈವರ್, ಎರಡು ಮೋಟಾರ್, ಸೆನ್ಸರ್, ಸೆಲ್ಲು, ಚಾರ್ಜರ್ ಎಲ್ಲ ಸೇರಿ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ಮಗುವಿನ ಖಾತೆಗೆ 10,000 ರೂಪಾಯಿ ಬರುತ್ತದೆ. ಶಾಲೆಯ ಮೂಲಕವೇ ಅರ್ಜಿ ಹಾಕಬೇಕು, ಕೊನೆಯ ದಿನಾಂಕವನ್ನು ಯಾರಾದರೊಬ್ಬರು ನೆನಪಿಟ್ಟುಕೊಳ್ಳಬೇಕು. ಕೊಳ್ಳುವಾಗ ಸೆನ್ಸರ್ ಮತ್ತು ಮೋಟಾರ್ ಎರಡೆರಡು ಹೆಚ್ಚಿಗೆ ಕೊಳ್ಳಿ, ಏಕೆಂದರೆ ಸ್ಪರ್ಧೆಯ ಹಿಂದಿನ ಸಂಜೆ ಮೋಟಾರ್ ಸುಟ್ಟರೆ ಕೊರಿಯರ್ ಬರುವಷ್ಟು ಹೊತ್ತು ಇರುವುದಿಲ್ಲ.