ಎರಡಾಣೆಯ ಬಂಡವಾಳ

ಹೊಸ ಉದ್ಯಮಕ್ಕೆ ಬಂಡವಾಳ ಬೇಕೆಂದರೆ ಬೆಂಗಳೂರಿನ ಹೂಡಿಕೆದಾರರ ಬಾಗಿಲು ತಟ್ಟಬೇಕು, ಇಲ್ಲವೇ ಸರ್ಕಾರದ ಅನುದಾನಕ್ಕೆ ಅರ್ಜಿ ಹಾಕಬೇಕು ಎಂಬುದು ಈಗಿನ ರೂಢಿ. ಊರಿನವರ ಪಾಲು ಏನಿದ್ದರೂ ಶಾಲು ಹೊದೆಸುವುದಷ್ಟೇ, ಅದೂ ಗೆದ್ದ ಮೇಲೆ. ಕರಾವಳಿಯ ಚರಿತ್ರೆ ಬೇರೆ ಕಥೆ ಹೇಳುತ್ತದೆ. 1906ರಿಂದ 1931ರ ನಡುವೆ ಅವಿಭಜಿತ ದಕ್ಷಿಣ ಕನ್ನಡ ಎಂಬ ಒಂದೇ ಜಿಲ್ಲೆ ಐದು ದೊಡ್ಡ ಬ್ಯಾಂಕುಗಳನ್ನು ಹೆತ್ತಿತು: ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ. ಇವುಗಳಲ್ಲಿ ಸಿಂಡಿಕೇಟ್ ಬ್ಯಾಂಕ್ ಹುಟ್ಟುಹಾಕಿದ ಪಿಗ್ಮಿ ಠೇವಣಿಯನ್ನು ಸ್ಟಾರ್ಟಪ್ ಕಾಲದಲ್ಲಿ ಇನ್ನೊಮ್ಮೆ ನೋಡುವುದು ಒಳ್ಳೆಯದು.

ಆ ಬ್ಯಾಂಕು 1925ರಲ್ಲಿ ಉಡುಪಿಯಲ್ಲಿ ಶುರುವಾದಾಗ ಅದರ ಹೆಸರು ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಬಂಡವಾಳ ಎಂಟು ಸಾವಿರ ರೂಪಾಯಿ. ಕಟ್ಟಿದವರು ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ, ವೈದ್ಯ ಟಿ.ಎಂ.ಎ. ಪೈ. ಕೈಮಗ್ಗ ನೆಲಕಚ್ಚಿದ್ದ ಕಾಲವದು. ನೇಕಾರರಿಗೆ ಆಸರೆಯಾಗುವುದು ಮೊದಲ ಗುರಿ. ಅದಕ್ಕೆ ಹಣ ಎಲ್ಲಿಂದ? 1928ರಲ್ಲಿ ಹೊಳೆದ ಉಪಾಯವೇ ಪಿಗ್ಮಿ: ಏಜೆಂಟ್ ದಿನಾ ಮನೆಮನೆಗೆ, ಅಂಗಡಿಗೆ ಹೋಗಿ ಎರಡಾಣೆ ಕೊಟ್ಟರೂ ತೆಗೆದುಕೊಂಡು ಬರೆದುಕೊಳ್ಳುವುದು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಳುಕುವವರ ಬಳಿಗೆ ಬ್ಯಾಂಕೇ ನಡೆದುಹೋಯಿತು.

ಪಿಗ್ಮಿಯಿಂದ ಹಣ ಕೂಡಿದ್ದು ಎಲ್ಲರಿಗೂ ಗೊತ್ತು. ಅದರ ಜೊತೆಗೆ ತಿಳಿವಳಿಕೆಯೂ ಕೂಡಿತು ಎಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಸಂತೆಬೀದಿಯ ತರಕಾರಿ ಅಂಗಡಿಗೆ ಸಂಜೆ ಹೋಗುವ ಏಜೆಂಟನಿಗೆ ಬುಟ್ಟಿಯಲ್ಲಿ ಎಷ್ಟು ಟೊಮೆಟೊ ಉಳಿದಿದೆ, ಗಲ್ಲಾದಲ್ಲಿ ಇಂದು ಕೂತವರು ಯಾರು, ನಾಲ್ಕು ದಿನದಿಂದ ‘ನಾಳೆ ಬನ್ನಿ’ ಎನ್ನುತ್ತಿರುವುದೇಕೆ ಎಲ್ಲವೂ ಕಾಣುತ್ತದೆ. ಆಸ್ತಿಪತ್ರ ಇಲ್ಲದವರಿಗೆ ಈ ದಿನದಿನದ ಲೆಕ್ಕವೇ ಯೋಗ್ಯತಾಪತ್ರ. ಹೊಸ ಉದ್ಯಮಿಯ ತೊಡಕೂ ಇದೇ: ತೋರಿಸಲು ಹಳೆಯ ಬ್ಯಾಲೆನ್ಸ್ ಶೀಟ್ ಇಲ್ಲ, ಅಡವಿಡಲು ಜಮೀನಿಲ್ಲ. ಅವರನ್ನು ಹತ್ತಿರದಿಂದ ಬಲ್ಲವರು ಊರಿನಲ್ಲೇ ಇರುತ್ತಾರೆ. ಆ ತಿಳಿವಳಿಕೆಯನ್ನು ಬಂಡವಾಳದೊಂದಿಗೆ ಬೆಸೆಯುವ ಸಂಸ್ಥೆ ಬೇಕು.

ನೇಕಾರರಿಗೆ ಸಾಲ ಕೊಡುವುದು ಬೇರೆ, ನಡೆಯುತ್ತದೋ ಇಲ್ಲವೋ ಗೊತ್ತಿಲ್ಲದ ಹೊಸ ಆಲೋಚನೆಗೆ ಬಡವರ ಉಳಿತಾಯ ಸುರಿಯುವುದು ಬೇರೆ ಎಂದು ಯಾರಾದರೂ ಆಕ್ಷೇಪಿಸಿದರೆ, ಅದು ಪೂರ್ತಿ ಸರಿ. ಠೇವಣಿ ಇಟ್ಟವರಿಗೆ ಅಸಲು ಮರಳಲೇಬೇಕು. ಅದನ್ನು ಮರೆತ ಸಹಕಾರ ಸಂಘಗಳ ಮುಂದೆ ಠೇವಣಿದಾರರು ಸಾಲುಗಟ್ಟಿ ನಿಂತದ್ದನ್ನು ಕರ್ನಾಟಕ ಕಂಡಿದೆ. ಆದರೆ 1925ರ ಎಂಟು ಸಾವಿರ ಠೇವಣಿಯಲ್ಲ, ಷೇರು ಹಣ. ಮುಳುಗಿದರೆ ಮುಳುಗಲಿ ಎಂದು ಇಟ್ಟದ್ದು. ಊರಿನ ಉಳ್ಳವರು ಹಾಕಬೇಕಾದದ್ದು ಈ ಬಗೆಯ ಹಣ. ಉಳಿದವರು ಕೊಡಬಹುದಾದದ್ದು ಮೊದಲ ಗಿರಾಕಿತನ. ಅಡಿಕೆ ಸುಲಿಯುವ ಹೊಸ ಯಂತ್ರವನ್ನು ಒಂದು ಹಂಗಾಮಿಗೆ ಬಾಡಿಗೆ ಕೊಟ್ಟು ಬಳಸಿ ಅದರ ದೋಷ ಹೇಳುವ ಹತ್ತು ಬೆಳೆಗಾರರು ಸಿಕ್ಕರೆ, ಅದನ್ನು ಮಾಡಿದವರಿಗೆ ಯಾವ ಪ್ರಶಸ್ತಿಯೂ ಅಷ್ಟು ಉಪಕಾರ ಮಾಡಲಾರದು.

ಜಾತಿಯ ಕುರಿತ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಕರಾವಳಿಯ ಕೆಲವು ಬ್ಯಾಂಕುಗಳು ಸಮುದಾಯದ ಆಸರೆಯಿಂದಲೇ ಬೆಳೆದವು. ವಿಜಯಾ ಬ್ಯಾಂಕಿನ ಹಿಂದೆ ಎ.ಬಿ. ಶೆಟ್ಟರೂ ಬಂಟ ಕೃಷಿಕರೂ ಇದ್ದರು. ಬಲ್ಲವರಿಗೇ ಕೊಡುವುದು ಎಂದರೆ ನಮ್ಮವರಿಗೇ ಕೊಡುವುದು ಎಂದಾಗಲು ತಡವಿಲ್ಲ. ಅದೇ ಉಡುಪಿಯಲ್ಲಿ 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಕಾರ್ಪೊರೇಷನ್ ಬ್ಯಾಂಕ್ ಆರಂಭವಾಯಿತು ಎಂಬುದೂ ನಿಜ. ಆದರೂ ಒಂದು ಉದಾಹರಣೆಯಿಂದ ಆ ಅಪಾಯ ತಪ್ಪುವುದಿಲ್ಲ. ಪಿಗ್ಮಿಯ ಬಲವೇ ಇಲ್ಲಿ ನೆರವಿಗೆ ಬರುತ್ತದೆ: ಏಜೆಂಟ್ ಬೀದಿಯ ಎಲ್ಲ ಅಂಗಡಿಗೂ ಹೋಗಬೇಕು, ಬರೆದದ್ದು ಪುಸ್ತಕದಲ್ಲಿ ಉಳಿಯಬೇಕು. ಮುಖ ನೋಡಿ ಕೊಟ್ಟದ್ದನ್ನು ಲೆಕ್ಕ ನೋಡಿ ಪ್ರಶ್ನಿಸಬಹುದು.

ಹೀಗೆ ದಿನಾ ಬೀದಿ ಸುತ್ತಿ ಸಂಗ್ರಹಿಸುವ ಕೆಲಸ ಅಗ್ಗವಲ್ಲ. ಕಮಿಷನ್‌ಗೆ ದುಡಿಯುವ ಠೇವಣಿ ಸಂಗ್ರಾಹಕರೂ ಬ್ಯಾಂಕಿನ ಕೆಲಸಗಾರರೇ ಎಂದು 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. 1969ರಲ್ಲಿ ರಾಷ್ಟ್ರೀಕರಣಗೊಂಡ ಸಿಂಡಿಕೇಟ್, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಮಾತ್ರ ಪಟ್ಟಣಗಳ ಸಹಕಾರ ಸಂಘಗಳಲ್ಲಿ ಇಂದಿಗೂ ನಡೆಯುತ್ತಿದೆ; ಕಾರ್ಡಿನ ಜಾಗಕ್ಕೆ ಚೀಟಿ ಮುದ್ರಿಸುವ ಕೈಯಂತ್ರ ಬಂದಿದೆ. ಅಂಥ ಸಂಘಗಳು ಲಾಭದ ಒಂದು ಸಣ್ಣ ಭಾಗವನ್ನು, ಸದಸ್ಯರ ಒಪ್ಪಿಗೆ ಪಡೆದು, ಠೇವಣಿಗೆ ಸೋಂಕದಂತೆ ಹೊಸ ಉದ್ಯಮಗಳ ಷೇರಿಗೆಂದು ಬೇರೆ ತೆಗೆದಿಡಬಹುದು. ಇದಕ್ಕೆ ಕಾನೂನು ಅಡ್ಡಬಂದರೆ ವಿಧಾನಸೌಧದಲ್ಲಿ ಕೇಳಬೇಕಾದ ತಿದ್ದುಪಡಿ ಅದು, ಇನ್ನೊಂದು ಸ್ಟಾರ್ಟಪ್ ಸಮಾವೇಶವಲ್ಲ.